ಹೆಬ್ಬೆಟ್ಟಿನಿಂದ ಮುಖದವರೆಗೆ

ನಮ್ಮ ಕೊಡಗಿನ ಕಾಫಿ ತೋಟಗಳಲ್ಲಿ ಅಕ್ಷರ ಬಾರದ ಕೂಲಿಯವರು ಹೆಬ್ಬೆಟ್ಟು ಒತ್ತಿ ಬಟವಾಡೆ ಪಡೆಯುತ್ತಿದ್ದರು. ಆ ಹೆಬ್ಬೆಟ್ಟಿಗೂ ಒಂದು ಚರಿತ್ರೆಯಿದೆ.

1858ರಲ್ಲಿ ಬಂಗಾಳದ ಅಧಿಕಾರಿ ವಿಲಿಯಂ ಹರ್ಷೆಲ್, ಗುತ್ತಿಗೆದಾರನೊಬ್ಬ ಮಾತು ತಪ್ಪದಿರಲೆಂದು ಕರಾರುಪತ್ರದ ಮೇಲೆ ಅವನ ಅಂಗೈಯನ್ನೇ ಒತ್ತಿಸಿಕೊಂಡ. 1897ರಲ್ಲಿ ಕಲ್ಕತ್ತೆಯಲ್ಲಿ ಬೆರಳಚ್ಚು ಕಚೇರಿ ತೆರೆಯಿತು. ಅಚ್ಚುಗಳನ್ನು ವಿಂಗಡಿಸುವ ಕ್ರಮಕ್ಕಾಗಿ ದುಡಿದವರು ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್. ಅದಕ್ಕೆ ಅಂಟಿದ್ದು ಮೇಲಧಿಕಾರಿ ಹೆನ್ರಿಯ ಹೆಸರು. ಬೆರಳು ಕೊಟ್ಟವರ ಒಪ್ಪಿಗೆಯ ಮಾತೇ ಇರಲಿಲ್ಲ.

2012ರಲ್ಲಿ ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆ ಮೊಕದ್ದಮೆಯಲ್ಲೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ, ಖಾಸಗಿತನ ಮೂಲಭೂತ ಹಕ್ಕು ಎಂದರು.

ಕೊಡಗಿನಲ್ಲಿ ವಿಮಾನ ನಿಲ್ದಾಣವಿಲ್ಲ; ಘಾಟಿ ಇಳಿದು ಕಣ್ಣೂರಿಗೆ, ಇಲ್ಲವೇ ಬೆಂಗಳೂರಿಗೆ ಹೋಗಬೇಕು. ಬೆಂಗಳೂರಿನಲ್ಲಿ 2022ರ ಡಿಸೆಂಬರ್ 1ರಂದು ದೇಶದೊಳಗಿನ ಪ್ರಯಾಣಕ್ಕೆ ‘ಡಿಜಿ ಯಾತ್ರಾ’ ಬಂತು. ಕ್ಯಾಮೆರಾ ಮುಖ ನೋಡುತ್ತದೆ, ಗೇಟು ತೆರೆಯುತ್ತದೆ. ಅದು ಕಡ್ಡಾಯವಲ್ಲ, ಗುರುತಿನ ಚೀಟಿ ತೋರಿಸಿಯೂ ಹೋಗಬಹುದು. ಆದರೆ ಸರದಿಯಲ್ಲಿ ನಿಂತ ತೋಟದ ಕೂಲಿಯ ಮೊಮ್ಮಗನಿಗೆ ಇದನ್ನು ಯಾರು ಹೇಳುತ್ತಾರೆ?

ಭದ್ರತೆ ಬೇಕು, ನಿಜ. ಆದರೆ ಕಳೆದ ಚೀಟಿಯನ್ನು ಮತ್ತೆ ಮಾಡಿಸಬಹುದು, ಮುಖವನ್ನಲ್ಲ. ಅಜ್ಜನ ಬೆರಳನ್ನು ಕೇಳದೆ ಪಡೆದರು. ಮೊಮ್ಮಗನ ಮುಖವನ್ನಾದರೂ ಕೇಳಿ ಪಡೆಯಲಿ.