ಸೆಟ್ ಆದ ಪದ

ಇಂಗ್ಲಿಷಿನಲ್ಲಿ ಅತಿ ಹೆಚ್ಚು ಅರ್ಥಗಳಿರುವ ಪದ ಯಾವುದು ಎಂದು ಕೇಳಿದರೆ ನಾವು ಯಾವುದೋ ಘನವಾದ ಪದವನ್ನು ಹುಡುಕಲು ಹೊರಡುತ್ತೇವೆ. 1989ರ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಎರಡನೇ ಆವೃತ್ತಿಯಲ್ಲಿ ಆ ಪಟ್ಟ ದಕ್ಕಿದ್ದು ಇಂಗ್ಲಿಷಿನ ಮೂರೇ ಅಕ್ಷರಗಳ 'ಸೆಟ್'ಗೆ. ಕ್ರಿಯಾಪದವಾಗಿ ಅದಕ್ಕೆ ಸುಮಾರು 430 ಅರ್ಥಗಳು. ಅವನ್ನು ವಿವರಿಸಲು ಹಿಡಿದ ಪದಗಳು ಸುಮಾರು 60,000. ಒಂದು ಕಾದಂಬರಿಗೆ ಸಾಕಾಗುವಷ್ಟು.

ಇಷ್ಟೆಲ್ಲ ಅರ್ಥಗಳ ಬುಡದಲ್ಲಿರುವುದು ಬಹಳ ಸರಳವಾದ ಕೆಲಸ. 'ಸಿಟ್' ಎಂದರೆ ಕೂರು, 'ಸೆಟ್' ಎಂದರೆ ಕೂರಿಸು. ಹಳೆಯ ಇಂಗ್ಲಿಷಿನಲ್ಲಿ ಇದು ಅದರ ಪ್ರೇರಣಾರ್ಥಕ ರೂಪ. ಇದನ್ನು ತಿಳಿದುಕೊಂಡರೆ ಕನ್ನಡಿಗನಿಗೆ ಅರ್ಧ ನಿಘಂಟು ತಾನಾಗಿಯೇ ತೆರೆದುಕೊಳ್ಳುತ್ತದೆ. ಅಕ್ಕಸಾಲಿಗ ಉಂಗುರಕ್ಕೆ ಹರಳು ಕೂರಿಸುತ್ತಾನೆ, ಅದು ಸೆಟ್ಟಿಂಗ್. ಮುರಿದ ಮೂಳೆಯನ್ನು ವೈದ್ಯರು ಅದರ ಜಾಗದಲ್ಲಿ ಕೂರಿಸುತ್ತಾರೆ, ಅದೂ ಸೆಟ್ಟೇ. ಗಾರೆ ಮೇಸ್ತ್ರಿ 'ಸೆಟ್ ಆಗ್ಲಿ, ಮುಟ್ಬೇಡಿ' ಎನ್ನುವಾಗ ಕಲಸಿದ ಸಿಮೆಂಟು ಅಲುಗದೆ ಕೂರಲು ಸಮಯ ಕೇಳುತ್ತಿದ್ದಾನೆ. ಭಾರತೀಯ ಮಾನಕದ ಪ್ರಕಾರ ಸಾಮಾನ್ಯ ಪೋರ್ಟ್‌ಲ್ಯಾಂಡ್ ಸಿಮೆಂಟು ಮೊದಲ 30 ನಿಮಿಷ ಗಟ್ಟಿಯಾಗತೊಡಗಬಾರದು, 600 ನಿಮಿಷದೊಳಗೆ ಪೂರ್ತಿ ಬಿಗಿಯಬೇಕು. ದಿನವಿಡೀ ಆಕಾಶದಲ್ಲಿ ನಡೆದ ಸೂರ್ಯನನ್ನೂ ಇಂಗ್ಲಿಷರು ಸಂಜೆಗೆ ಇದೇ ಪದದಿಂದಲೇ ಕೆಳಗಿಳಿಸುತ್ತಾರೆ.

ಇದರ ನೆಂಟಸ್ತಿಕೆ ನಮ್ಮ ಮನೆಯವರೆಗೂ ಬಂದಿದೆ. 'ಸಿಟ್' ಹುಟ್ಟಿದ ಮೂಲಧಾತುವಿನಿಂದಲೇ ಸಂಸ್ಕೃತದ 'ಸದ್' ಕೂಡ ಹುಟ್ಟಿದೆ. ಸದನ, ಸದಸ್ಯ, ಸಂಸತ್ತು, ಪರಿಷತ್ತು, ಉಪನಿಷತ್ತು ಎಲ್ಲವೂ ಕೂರುವವರ ಕುಲದವೇ. ಹಾಗೆ ನೋಡಿದರೆ ವಿಧಾನ ಪರಿಷತ್ತಿಗೂ ಅದರ ಟಿ.ವಿ. ಸೆಟ್ಟಿಗೂ ದೂರದ ರಕ್ತಸಂಬಂಧವಿದೆ ಎನ್ನೋಣ ಎಂದರೆ ಅಲ್ಲೊಂದು ತೊಡಕು. ಟಿ.ವಿ. ಸೆಟ್ಟು, ಪಾತ್ರೆ ಸೆಟ್ಟು, ಹಲ್ಲು ಸೆಟ್ಟುಗಳಲ್ಲಿರುವ, ಗುಂಪು ಎಂಬರ್ಥದ ನಾಮಪದ ಬೇರೆ ದಾರಿಯಿಂದ ಬಂದದ್ದು. ಅದು ಲ್ಯಾಟಿನ್ನಿನ 'ಸೆಕ್ಟಾ', ಅಂದರೆ ಅನುಯಾಯಿಗಳ ಬಳಗ, ಹಳೆಯ ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಇಳಿದ ರೂಪ. ಪಂಥ ಎಂಬರ್ಥದ 'ಸೆಕ್ಟ್' ಅದರ ಒಡಹುಟ್ಟು. ಎರಡು ಬೇರೆ ಪದಗಳು ಒಂದೇ ಉಚ್ಚಾರದಲ್ಲಿ ಬೆರೆತು, ಯಾವುದು ಯಾರದೆಂದು ಬಿಡಿಸಲಾಗದಂತೆ ಆಗಿವೆ. ಬೆಂಗಳೂರಿನ ಹೋಟೆಲಿನಲ್ಲಿ ಸಾಗು ಜೊತೆಗಿಟ್ಟುಕೊಂಡು ಒಂದರ ಮೇಲೊಂದು ಬರುವ ಸೆಟ್ ದೋಸೆ ಈ ಲೆಕ್ಕದಲ್ಲಿ ಒಂದು ಮೆತ್ತನೆಯ ಪಂಥ!

ಕನ್ನಡ ಈ ಪದವನ್ನು ಎರವಲು ತಂದು ಸುಮ್ಮನೆ ಇಟ್ಟುಕೊಂಡಿಲ್ಲ. ಸಿನಿಮಾ ಪತ್ರಕರ್ತರು 'ಚಿತ್ರ ಸೆಟ್ಟೇರಿತು' ಎಂದು ಬರೆಯುತ್ತಾರೆ. ಹಸೆಮಣೆ ಏರುವ, ಸಿಂಹಾಸನ ಏರುವ ಭಾಷೆಗೆ ಸೆಟ್ಟೂ ಏರಲು ಯೋಗ್ಯವಾಗಿ ಕಂಡಿದೆ. ಇಡೀ ಚಿತ್ರ ಕಾಡಿನಲ್ಲೇ ತೆಗೆಯುವುದಿದ್ದರೂ, ಒಂದು ಹಲಗೆಯ ಗೋಡೆಯನ್ನೂ ನಿಲ್ಲಿಸದಿದ್ದರೂ, ಮುಹೂರ್ತವಾದರೆ ಅದು ಸೆಟ್ಟೇರಿದಂತೆ. ಹಳ್ಳಿಯಲ್ಲಿ ಪಂಪ್‌ಸೆಟ್ಟು ಇದೆ; 10 ಎಚ್‌ಪಿವರೆಗಿನ ಕೃಷಿ ಪಂಪ್‌ಸೆಟ್ಟಿಗೆ ಉಚಿತ ವಿದ್ಯುತ್ ಎಂಬ ಮಾತಿಲ್ಲದೆ ನಮ್ಮಲ್ಲಿ ಚುನಾವಣೆಯೇ ನಡೆಯದು. 'ಅವರಿಬ್ಬರಿಗೂ ಸೆಟ್ ಆಗಲ್ಲ ಗುರು' ಎಂಬ ಒಂದು ಮಾತಿನಲ್ಲಿ ಜಾತಕ ಮೇಳಾಮೇಳಿಯಷ್ಟೇ ಖಚಿತವಾದ ತೀರ್ಪಿದೆ. ಮಗ ಅಮೆರಿಕದಲ್ಲಿ 'ಸೆಟ್ಲ್' ಆದ ಎನ್ನುವ ತಾಯಿ ಬಳಸುವುದೂ ಆಸನ ಎಂಬರ್ಥದ ಹಳೆಯ ಪದದಿಂದ ಬಂದದ್ದನ್ನೇ. 'ಅಲ್ಲೇ ಕೂತುಬಿಟ್ಟ' ಎಂದು ಅವಳ ಅತ್ತೆ ಅದನ್ನು ಅಚ್ಚ ಕನ್ನಡದಲ್ಲಿ ಹೇಳುತ್ತಾಳೆ.

ಗಣಿತದ ಸೆಟ್ಟಿಗೆ ಮಾತ್ರ ಶಾಲೆಯ ಪಠ್ಯ 'ಗಣ' ಎಂಬ ಒಳ್ಳೆಯ ಹೆಸರಿಟ್ಟಿದೆ. ಜಾರ್ಜ್ ಕ್ಯಾಂಟರ್ 1870ರ ದಶಕದಲ್ಲಿ ಕಟ್ಟತೊಡಗಿದ ಸಿದ್ಧಾಂತ ಕನ್ನಡದ ಮಕ್ಕಳಿಗೆ ಉಪಗಣ, ಶೂನ್ಯಗಣಗಳಾಗಿ ತಲುಪಿತು. ಹಾಗಾದರೆ ಭಾದ್ರಪದದ ಚೌತಿಯಂದು ನಾವು ಗಣಪತಿ ಕೂರಿಸುವಾಗ ಸೆಟ್ಟಿನ ನಾಮಪದವೂ ಕ್ರಿಯಾಪದವೂ ಒಂದೇ ವಾಕ್ಯದಲ್ಲಿ ಕನ್ನಡವಾಗಿಬಿಡುತ್ತವೆ.

ಪದ ಒಂದೇ ಇದ್ದರೂ ಪಕ್ಕದಲ್ಲಿ ಯಾರಿದ್ದಾರೆ ಎನ್ನುವುದರ ಮೇಲೆ ಅದರ ನಡತೆ. ಸಂಬಳದಲ್ಲಿ ಒಂದಿಷ್ಟನ್ನು 'ಸೆಟ್ ಅಸೈಡ್' ಮಾಡಿದರೆ ಆ ಹಣ ಉಳಿಯಿತು. ಕೆಳ ನ್ಯಾಯಾಲಯದ ಆದೇಶವನ್ನು ಹೈಕೋರ್ಟ್ 'ಸೆಟ್ ಅಸೈಡ್' ಮಾಡಿದರೆ ಅದು ಬಿದ್ದುಹೋಯಿತು. 'ಸೆಟ್ ಆಫ್' ಎಂದರೆ ಪ್ರಯಾಣ ಹೊರಡುವುದೂ ಹೌದು, ಪಟಾಕಿ ಸಿಡಿಸುವುದೂ ಹೌದು, ಬ್ಯಾಂಕಿನವರು ಸಾಲಕ್ಕೆ ಠೇವಣಿ ಮುರಿದುಕೊಳ್ಳುವುದೂ ಹೌದು.

ಈಗ ಸೆಟ್ಟಿನ ಪಟ್ಟ ಹೋಗಿದೆ. ಆಕ್ಸ್‌ಫರ್ಡ್ ನಿಘಂಟಿನ ಪರಿಷ್ಕರಣೆಯಲ್ಲಿ ಪೀಟರ್ ಗಿಲಿವರ್ ಎಂಬ ನಿಘಂಟುಕಾರ ಒಂಬತ್ತು ತಿಂಗಳು ಕೂತು 'ರನ್' ಎಂಬ ಕ್ರಿಯಾಪದದ 645 ಅರ್ಥಗಳನ್ನು ಬಿಡಿಸಿದರು. 2011ರಲ್ಲಿ ಅದು ಸುದ್ದಿಯಾಯಿತು. ರೈಲು, ಯಂತ್ರ, ಕಂಪ್ಯೂಟರ್ ಪ್ರೋಗ್ರಾಂ ಎಲ್ಲವೂ ಓಡುವ ಕಾಲದಲ್ಲಿ ಕೂರಿಸುವ ಪದ ಹಿಂದೆ ಬಿದ್ದದ್ದರಲ್ಲಿ ಆಶ್ಚರ್ಯವಿಲ್ಲ.

ಇದರಲ್ಲಿ ಇಂಗ್ಲಿಷಿನ ವಿಶೇಷ ಪವಾಡವೇನೂ ಇಲ್ಲ. ನಾವು ಮನೆ ಕಟ್ಟುತ್ತೇವೆ, ಫೀಸು ಕಟ್ಟುತ್ತೇವೆ, ತಾಳಿ ಕಟ್ಟುತ್ತೇವೆ, ಕತೆ ಕಟ್ಟುತ್ತೇವೆ. ಮಳೆಗಾಲದಲ್ಲಿ ಮೂಗು ತಾನಾಗಿಯೇ ಕಟ್ಟುತ್ತದೆ. ಸಕ್ಕರೆ ಕಾಯಿಲೆ ಬಂದರೆ ಬಾಯಿ ಕಟ್ಟಬೇಕಾಗುತ್ತದೆ. ಇದನ್ನೆಲ್ಲ ಯಾರೂ ನಮಗೆ ಪಟ್ಟಿ ಮಾಡಿ ಕಲಿಸಲಿಲ್ಲ. ಇಂಗ್ಲಿಷ್ ಕಲಿಸುವ ನಾವು ಮಾತ್ರ ಮಕ್ಕಳ ಕೈಯಲ್ಲಿ ಉದ್ದುದ್ದ ಪದಗಳ ಪಟ್ಟಿ ಕೊಟ್ಟು ಉರು ಹೊಡೆಸುತ್ತೇವೆ. ಉದ್ದ ಪದಕ್ಕೆ ಸಾಮಾನ್ಯವಾಗಿ ಒಂದೋ ಎರಡೋ ಅರ್ಥ. ಅದನ್ನು ನಿಘಂಟು ಯಾವಾಗ ಬೇಕಾದರೂ ಹೇಳುತ್ತದೆ. ಮಕ್ಕಳು ಎಡವುವುದು ಸೆಟ್, ಗೆಟ್, ಪುಟ್‌ಗಳಲ್ಲಿ. ಅವನ್ನು ಕಲಿಯಲು ಪಟ್ಟಿ ಸಾಲದು, ಆ ಭಾಷೆಯ ನಡುವೆ ಒಂದಿಷ್ಟು ಕಾಲ ಕೂರಲೇಬೇಕು.