ಅಪ್ಪನ ಫೋನಿನೊಳಗಿನ ಶಾಲೆ

ಉತ್ತರ ಕನ್ನಡದ ನಮ್ಮ ಹಳಿಯಾಳಕ್ಕೆ ಹತ್ತಿರದ ಧಾರವಾಡದಲ್ಲಿ ಆಕಾಶವಾಣಿ ಶುರುವಾದದ್ದು 1950ರಲ್ಲಿ. ರೇಡಿಯೋ ಮನೆಮಂದಿಗೆಲ್ಲ ಒಂದೇ. ಮಕ್ಕಳು ಕೇಳಿದ್ದು ಹಿರಿಯರ ಕಿವಿಗೂ ಬೀಳುತ್ತಿತ್ತು.

ಮೊಬೈಲ್ ಹಾಗಲ್ಲ, ನೋಡುವವರಿಗಷ್ಟೇ ಅದು. 2020ರಲ್ಲಿ ಕೊರೊನಾ ಶಾಲೆಗಳಿಗೆ ಬೀಗ ಹಾಕಿಸಿದಾಗ ರಾಜ್ಯ ಸರ್ಕಾರ ಆಗಸ್ಟ್‌ನಲ್ಲಿ ‘ವಿದ್ಯಾಗಮ’ ತಂದಿತು. ಇಂಟರ್ನೆಟ್ ಫೋನ್ ಇದ್ದವರು, ಸಾದಾ ಫೋನಿನವರು, ಏನೂ ಇಲ್ಲದವರು ಎಂದು ಮಕ್ಕಳನ್ನು ಗುಂಪು ಮಾಡಿ, ಮಾಸ್ತರರು ಊರಿಗೇ ಹೋಗಿ ಗುಡಿಯ ಕಟ್ಟೆ, ಮರದ ನೆರಳಲ್ಲಿ ಪಾಠ ಹೇಳಿದರು. ನೆರೆಯ ಜೋಯಿಡಾ ತಾಲ್ಲೂಕಿನ ಕಾಡೂರುಗಳಿಗೆ ಒಪ್ಪುವ ಏರ್ಪಾಡೇ ಸರಿ! ಅಕ್ಟೋಬರ್‌ನಲ್ಲಿ ಸೋಂಕಿನ ಭಯಕ್ಕೆ ಅದೂ ನಿಂತಿತು.

ಪಾಠಕ್ಕೆಂದು ಕೈಗೆ ಬಂದ ಫೋನು, ಶಾಲೆ ತೆರೆದರೂ ಮಕ್ಕಳ ಕೈ ಬಿಡಲಿಲ್ಲ. ಇನ್‌ಸ್ಟಾಗ್ರಾಂ ಖಾತೆಗೆ ಕಂಪನಿಯದೇ ನಿಯಮ: ಕನಿಷ್ಠ 13 ವರ್ಷ. ಪ್ರಾಥಮಿಕ ಶಾಲೆಯ ಬಹುತೇಕರು ಅದಕ್ಕಿಂತ ಚಿಕ್ಕವರು. ಆದರೆ ಅಪ್ಪ-ಅವ್ವನ ಖಾತೆ ತೆರೆದೇ ಇರುತ್ತದಲ್ಲ! 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18ರೊಳಗಿನವರ ಮಾಹಿತಿ ಬಳಸಲು ಪಾಲಕರ ಒಪ್ಪಿಗೆ ಕೇಳುತ್ತದೆ. ಪಾಲಕರೇ ರೀಲ್ಸ್‌ನಲ್ಲಿ ಮುಳುಗಿದ್ದರೆ ಕಾಯ್ದೆ ಏನು ಮಾಡೀತು? ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಸಭೆಗಳಲ್ಲಿ ಅಂಕಗಳ ಜೊತೆ ಮನೆಯ ಫೋನ್ ಬಳಕೆಯೂ ಚರ್ಚೆಯಾಗಲಿ.