ಚಾಂಪಿಯನ್ನರ ತವರಿನಲ್ಲಿ ಜೊತೆಗೆ ಓಡೋರು ಯಾರು?

ಬೆಂಗಳೂರಿನ ವರ್ಲ್ಡ್ ಟೆನ್‌ಕೆ ಓಟ ನಿಮಗೆ ಗೊತ್ತೇ ಇರುತ್ತೆ. 2018ರಲ್ಲಿ ಅದರ ಮಹಿಳೆಯರ ವಿಭಾಗ ಗೆದ್ದವರು ಕೀನ್ಯಾದ ಆಗ್ನೆಸ್ ಟಿರೋಪ್. 2019ರಲ್ಲೂ ಅವರೇ ಗೆದ್ದರು. ಇವತ್ತಿನ ಕಥೆ ಅವರು ಓಡುತ್ತಿದ್ದ ಊರಿನದ್ದು. ಹೆಸರು ಇಟೆನ್.

ಪಶ್ಚಿಮ ಕೀನ್ಯಾದಲ್ಲಿ, ರಿಫ್ಟ್ ಕಣಿವೆಯ ಅಂಚಿನಲ್ಲಿರೋ ಚಿಕ್ಕ ಊರು ಇದು. ಸಮುದ್ರಮಟ್ಟದಿಂದ ಸುಮಾರು 2,400 ಮೀಟರ್ ಎತ್ತರ. ಊರಿನ ಕಮಾನಿನ ಮೇಲೆ 'ಚಾಂಪಿಯನ್ನರ ತವರಿಗೆ ಸ್ವಾಗತ' ಅನ್ನೋ ಅರ್ಥದ ಬರಹ ಇದೆ.

ಕೀನ್ಯಾದವರು ಯಾಕೆ ಗೆಲ್ತಾರೆ? ಬಹಳ ಜನ ಹೇಳೋ ಉತ್ತರ ಒಂದೇ: ಎತ್ತರದ ಊರು, ತೆಳು ಗಾಳಿ. ಅದು ಸುಳ್ಳಲ್ಲ. ಆಮ್ಲಜನಕ ಕಡಿಮೆ ಇರೋ ಕಡೆ ದೇಹ ಹೆಚ್ಚು ಕೆಂಪು ರಕ್ತಕಣ ಮಾಡಿಕೊಳ್ಳುತ್ತೆ. ಆದರೆ ಎತ್ತರದ ಊರುಗಳು ಜಗತ್ತಿನಲ್ಲಿ ಬೇಕಾದಷ್ಟಿವೆ. ಎಲ್ಲಾ ಕಡೆ ಒಲಿಂಪಿಕ್ ಚಿನ್ನ ಬೆಳೆಯಲಿಲ್ಲ, ಅಲ್ವಾ?

ಇಟೆನ್‌ನಲ್ಲಿ ಇನ್ನೊಂದು ಬೆಳೆಯಿತು: ಜೊತೆಗೂಡಿ ಓಡೋ ಅಭ್ಯಾಸ. 1976ರಲ್ಲಿ ಐರ್ಲೆಂಡಿನಿಂದ ಬ್ರದರ್ ಕಾಮ್ ಓ'ಕಾನೆಲ್ ಅಲ್ಲಿಗೆ ಬಂದರು. ಸೇಂಟ್ ಪ್ಯಾಟ್ರಿಕ್ಸ್ ಶಾಲೆಯಲ್ಲಿ ಭೂಗೋಳ ಪಾಠ ಮಾಡೋ ಮೇಷ್ಟ್ರು. ಓಟದ ತರಬೇತಿ ಅವರಿಗೆ ಗೊತ್ತೇ ಇರಲಿಲ್ಲ. ಹುಡುಗರು ಓಡೋದನ್ನ ನೋಡ್ತಾ ನೋಡ್ತಾ ತಾವೇ ಕಲಿತರು. ಅವರ ಶಿಷ್ಯ ಪೀಟರ್ ರೋನೊ 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ 1,500 ಮೀಟರ್ ಚಿನ್ನ ಗೆದ್ದರು. 2012ರಲ್ಲಿ ಲಂಡನ್‌ನಲ್ಲಿ 800 ಮೀಟರನ್ನು 1 ನಿಮಿಷ 40.91 ಸೆಕೆಂಡಿನಲ್ಲಿ ಮುಗಿಸಿ ವಿಶ್ವದಾಖಲೆ ಮಾಡಿದ ಡೇವಿಡ್ ರುಡಿಶಾ ಕೂಡ ಅವರ ಕೈಯಲ್ಲಿ ಬೆಳೆದವರೇ.

ಈ 'ಜೊತೆಗೆ' ಅನ್ನೋದು ಹೇಗೆ ಕೆಲಸ ಮಾಡುತ್ತೆ ಗೊತ್ತಾ? ಗುರುವಾರ ಬೆಳಿಗ್ಗೆ ಕೆಂಪು ಮಣ್ಣಿನ ರಸ್ತೆಯಲ್ಲಿ ನೂರಾರು ಜನ ಸೇರ್ತಾರೆ. ಒಂದು ನಿಮಿಷ ಜೋರು, ಒಂದು ನಿಮಿಷ ನಿಧಾನ. ಇದಕ್ಕೆ ಫಾರ್ಟ್ಲೆಕ್ ಅಂತಾರೆ. ಶುಲ್ಕ ಇಲ್ಲ, ಯಾರ ಶಿಫಾರಸೂ ಬೇಡ. ಪದಕ ಗೆದ್ದವರ ಪಕ್ಕದಲ್ಲೇ ನಿನ್ನೆ ಊರಿಂದ ಬಂದ ಹುಡುಗ ಓಡ್ತಾನೆ. ಹಿಂದೆ ಬಿದ್ದರೆ ಬಿದ್ದ. ಮುಂದಿನ ವಾರ ಇನ್ನೂ ಸ್ವಲ್ಪ ದೂರ ಜೊತೆಗಿರ್ತಾನೆ. ಗುಂಪೇ ಇಲ್ಲಿ ಗುರು.

ಇದರ ರುಚಿ ಬ್ರಿಟನ್ನಿನ ಮೊ ಫರಾಗೆ ಲಂಡನ್‌ನಲ್ಲೇ ಸಿಕ್ಕಿತು. 2005ರಲ್ಲಿ ಅವರು ಕೀನ್ಯಾದ ಓಟಗಾರರಿದ್ದ ಮನೆ ಸೇರಿದರು. ಅವರದ್ದು ತಿನ್ನೋದು, ಓಡೋದು, ಮಲಗೋದು, ಅಷ್ಟೇ ದಿನಚರಿ. ಅದನ್ನ ನೋಡಿ ಫರಾ ತಮ್ಮ ಬದುಕನ್ನೇ ಬದಲಾಯಿಸಿಕೊಂಡರು. ಮುಂದೆ ನಾಲ್ಕು ಒಲಿಂಪಿಕ್ ಚಿನ್ನ ಗೆದ್ದರು.

ಆದರೆ ಈ ಕಥೆಗೆ ಇನ್ನೊಂದು ಮುಖ ಇದೆ. ಗುಂಪಿನಲ್ಲಿ ಜಾಗ ಎಲ್ಲರಿಗೂ ಒಂದೇ ತರಹ ಸಿಗಲಿಲ್ಲ. ಸೇಂಟ್ ಪ್ಯಾಟ್ರಿಕ್ಸ್ ಹುಡುಗರ ಶಾಲೆ. 1989ರಲ್ಲಿ ಬ್ರದರ್ ಕಾಮ್ ರಜಾ ಶಿಬಿರ ಶುರುಮಾಡಿದಾಗ ಹುಡುಗಿಯರೂ ಬಂದರು. 1991ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಸುಸಾನ್ ಸಿರ್ಮಾ 3,000 ಮೀಟರ್ ಕಂಚು ಗೆದ್ದರು. ಆದರೂ ಗಂಡಸರೇ ತುಂಬಿದ್ದ ಶಿಬಿರಗಳಲ್ಲಿ ಓಡಿ ಬಂದ ಹೆಣ್ಣುಮಕ್ಕಳೇ ಅಡುಗೆಮನೆಗೂ ಹೋಗಬೇಕಿತ್ತು. ಅವರಿಗೂ ಓಡಿ ಮಲಗೋ ದಿನಚರಿ ಬೇಕು ಅಂತ ಓಟಗಾರ್ತಿ ಲೋರ್ನಾ ಕಿಪ್ಲಗಟ್ ತಮ್ಮ ಬಹುಮಾನದ ಹಣ ಹಾಕಿ ಇಟೆನ್‌ನಲ್ಲಿ ತರಬೇತಿ ಕೇಂದ್ರ ಕಟ್ಟಿಸಿದರು.

ಈಗ ಆಗ್ನೆಸ್ ಟಿರೋಪ್ ವಿಷಯಕ್ಕೆ ಬರೋಣ. 2021ರ ಸೆಪ್ಟೆಂಬರ್‌ನಲ್ಲಿ ಅವರು ಮಹಿಳೆಯರಷ್ಟೇ ಓಡುವ 10 ಕಿಲೋಮೀಟರ್ ಓಟವನ್ನು 30 ನಿಮಿಷ 1 ಸೆಕೆಂಡಿನಲ್ಲಿ ಮುಗಿಸಿ ವಿಶ್ವದಾಖಲೆ ಮಾಡಿದರು. ಒಂದೇ ತಿಂಗಳು. ಅಕ್ಟೋಬರ್ 13ರಂದು ಇಟೆನ್‌ನ ತಮ್ಮ ಮನೆಯಲ್ಲೇ ಇರಿತಕ್ಕೊಳಗಾದ ಸ್ಥಿತಿಯಲ್ಲಿ ಶವವಾಗಿ ಸಿಕ್ಕರು. ವಯಸ್ಸು 25. ಕೊಲೆಯ ಆರೋಪ ಬಂದದ್ದು ಗಂಡನ ಮೇಲೆ.

ಆಮೇಲೆ ಅವರ ಜೊತೆಗಿದ್ದ ಓಟಗಾರ್ತಿಯರೇ ಸೇರಿ 'ಟಿರೋಪ್ಸ್ ಏಂಜಲ್ಸ್' ಅನ್ನೋ ಸಂಸ್ಥೆ ಕಟ್ಟಿದರು. ದೌರ್ಜನ್ಯಕ್ಕೆ ಸಿಕ್ಕ ಹೆಣ್ಣುಮಕ್ಕಳಿಗೆ ಆಸರೆಯಾಗೋದು ಅದರ ಕೆಲಸ. ರಸ್ತೆಯಲ್ಲಿ ಪಕ್ಕಪಕ್ಕ ಓಡಿದವರು ರಸ್ತೆ ಮುಗಿದ ಮೇಲೂ ಪಕ್ಕದಲ್ಲಿ ನಿಲ್ಲಬೇಕು ಅಂತ ತೀರ್ಮಾನಿಸಿದರು.

ಇಟೆನ್‌ನ ಗುಟ್ಟು ಜೊತೆಗಾರಿಕೆ ಅಂತ ಜಗತ್ತು ಕಲಿಯಲು ಬರ್ತಾ ಇದೆ. ಅದು ನಿಜವೇ. ಆದರೆ ಗುಂಪು ಚದುರಿದ ಮೇಲೆ ಬಾಗಿಲ ಹಿಂದೆ ಏನಾಗುತ್ತೆ ಅನ್ನೋದೂ ಜೊತೆಗಾರರ ಲೆಕ್ಕಕ್ಕೆ ಬರಬೇಕು. ಕಮಾನಿನ ಮೇಲೆ ತವರು ಅಂತ ಬರೆದಿದೆ. ತವರು ಅಂದರೆ ಹೆಣ್ಣುಮಗಳು ಹೆದರದೆ ಬಂದು ನಿಲ್ಲೋ ಮನೆ ತಾನೇ?